ತುಂಬದ ಗುಂಡಿ

ನೆಲದಲ್ಲಿ ಹಳ್ಳ ತೋಡಿ, ಅದಕ್ಕೆ ನೀರು ಸುರಿದು, ಸ್ಕೇಲ್ ಇಳಿಬಿಟ್ಟು, ಮೊಬೈಲಿನಲ್ಲಿ ಟೈಮ್ ನೋಡುತ್ತಾ ಎಂದಾದರೂ ಕೂತಿದ್ದೀರಾ? ಕಳೆದ ಭಾನುವಾರ ನಾನು ಕೂತಿದ್ದೆ. (ನಗಬೇಡಿ, ಕೈಯಲ್ಲಿ ಕೊಡೆ ಬೇರೆ ಇತ್ತು.)

ಚನ್ನಪಟ್ಟಣದಿಂದ ಹೊಂಗನೂರಿಗೆ ಹೋಗುವ ದಾರಿಯಲ್ಲಿ ನಾವು ಮನೆ ಕಟ್ಟಿಸುತ್ತಿರುವುದು ನಿಮಗೆ ಗೊತ್ತೇ ಇದೆ. ಒಳಚರಂಡಿ ಅತ್ತ ಬಂದಿಲ್ಲ. ನಮ್ಮದೇ ಸೆಪ್ಟಿಕ್ ಟ್ಯಾಂಕ್ ಆಗಬೇಕು, ಅದರಿಂದ ಹೊರಬರುವ ನೀರಿಗೆ ಇಂಗುಗುಂಡಿ ಬೇಕು. ಮೇಸ್ತ್ರಿ ರಾಜಣ್ಣ ವಾಸ್ತು ಪ್ರಕಾರ ವಾಯವ್ಯ ಮೂಲೆಯಲ್ಲಿ ಸುಣ್ಣದ ಗುರುತು ಹಾಕಿಯೂ ಆಗಿತ್ತು.

ಅಷ್ಟರಲ್ಲಿ ನನ್ನ ತಮ್ಮನ ಮಗಳು ಕಾವ್ಯ ಬಂದಳು. ಸಿವಿಲ್ ಎಂಜಿನಿಯರ್. ಮಣ್ಣು ನೀರನ್ನು ಎಷ್ಟು ಬೇಗ ಕುಡಿಯುತ್ತದೆ ಅಂತ ಟೆಸ್ಟ್ ಮಾಡದೆ ಗುಂಡಿ ತೆಗೆಸಬೇಡಿ ಅತ್ತೆ ಅಂದಳು. ಇಷ್ಟು ಮನೆ ಕಟ್ಟಿದ್ದೇನೆ, ಒಂದಕ್ಕೂ ಹೀಗೆ ಮಾಡಿಲ್ಲ ಅಂತ ರಾಜಣ್ಣ ಗೊಣಗಿದರು. ನಿಜ ಹೇಳಬೇಕೆಂದರೆ ನಾನೂ ಗೊಣಗಿದೆ. ಆದರೂ ಸುಣ್ಣದ ಗುರುತಿದ್ದಲ್ಲೇ ಟೆಸ್ಟಿಗೆ ಒಂದು ಸಣ್ಣ ಹಳ್ಳ ತೋಡಿಸಿದೆವು.

ನಮಗಿನ್ನೂ ಬೋರ್ ಇಲ್ಲ. ನೀರು ಕೊಟ್ಟವರು ಪಶ್ಚಿಮಕ್ಕಿರುವ ಪಕ್ಕದ ಮನೆಯ ಜಯಮ್ಮ. ರೇಷ್ಮೆ ಹುಳು ಸಾಕುವವರು, ಮಾತು ಕಮ್ಮಿ, ಕೆಲಸ ಜಾಸ್ತಿ. ಬೇಲಿಯಾಚೆಯೇ ಅವರ ಬಾವಿ. ಕುಡಿಯುವುದಕ್ಕೂ ಅದೇ ನೀರು. ಹಳ್ಳ ನೆನೆಯಲಿ ಅಂತ ಶನಿವಾರ ಬಿಂದಿಗೆಗಟ್ಟಲೆ ಸೇದಿ ಕೊಟ್ಟರು. ಭಾನುವಾರ ಮತ್ತೆ ಕೊಟ್ಟರು.

ಸುರಿದೆವು. ನೋಡುನೋಡುತ್ತಿದ್ದಂತೆ ನೀರು ಇಳಿದುಹೋಯಿತು. ಮತ್ತೆ ಸುರಿದರೆ ಮತ್ತೆ ಇಳಿಯಿತು. ರಾಜಣ್ಣನ ಮುಖ ಅರಳಿತು.

"ನೋಡಿ ಮೇಡಂ, ಒಳ್ಳೇ ಗರ್ಸು ಮಣ್ಣು. ಇಪ್ಪತ್ ವರ್ಸ ಆದ್ರೂ ಗುಂಡಿ ತುಂಬಾಕಿಲ್ಲ."

ನನಗೂ ಹಿಗ್ಗು. ಗುಂಡಿ ತುಂಬದಿರುವುದು ನಮ್ಮ ಕಡೆ ಹೆಮ್ಮೆಯ ವಿಷಯ ತಾನೇ? ಪೇಟೆಯ ನಮ್ಮ ಹಳೇ ಮನೆಯಲ್ಲಿ ಹದಿನೆಂಟು ವರ್ಷ ಗುಂಡಿ ಖಾಲಿ ಮಾಡಿಸಲು ಸಕ್ಕಿಂಗ್ ಗಾಡಿ ಕರೆಸಿಲ್ಲ ಅಂತ ಎಷ್ಟು ಜನರ ಮುಂದೆ ಹೇಳಿಕೊಂಡಿದ್ದೇನೋ. (ಒಮ್ಮೆ ಬೀಗರೂಟದ ಪಂಕ್ತಿಯಲ್ಲೂ.)

ಕಾವ್ಯ ಮಾತ್ರ ನಗಲಿಲ್ಲ. ನಿಧಾನಕ್ಕೆ ಇಂಗಿದರೆ ಮಣ್ಣು ಕೊಳೆಯನ್ನು ಸೋಸುತ್ತದೆ, ಹೀಗೆ ಓಡಿದರೆ ಸೋಸಲು ಪುರುಸೊತ್ತೆಲ್ಲಿ ಅಂದಳು. ಇಂಗದೆ ನಿಂತರೂ ಫೇಲ್, ಹೀಗೆ ಮಾಯವಾದರೂ ಫೇಲ್ ಅಂತೆ.

ಜಯಮ್ಮ ಬಿಂದಿಗೆ ಕೆಳಗಿಟ್ಟರು.

"ಅಲ್ಲ ಕಣವ್ವಾ, ಇಷ್ಟೊಂದ್ ನೀರು ಎಲ್ಲಿಗೋಯ್ತದೆ?"

ಅಂದವರೇ ತಿರುಗಿ ತಮ್ಮ ಬಾವಿಯನ್ನು ನೋಡಿದರು. ನಾನು ನಡೆದು ಅಳೆದೆ. ಹದಿನೈದು ಹೆಜ್ಜೆ.

ಆಗ ತಲೆಗೆ ಹೋಯಿತು. ಬಾವಿ ಈಶಾನ್ಯಕ್ಕೆ, ಗುಂಡಿ ವಾಯವ್ಯಕ್ಕೆ ಅನ್ನುತ್ತದೆ ವಾಸ್ತು. ನನ್ನ ವಾಯವ್ಯದ ಪಕ್ಕದಲ್ಲೇ ಬೇಲಿಯಾಚೆ ಜಯಮ್ಮನ ಈಶಾನ್ಯ. ಇಬ್ಬರೂ ಶಾಸ್ತ್ರ ಬಿಡದೆ ಕಟ್ಟಿದರೆ ನನ್ನ ಕೊಳಕು, ಅವರ ಕುಡಿಯುವ ನೀರು ಒಂದೇ ಕಡೆ! ಸಾಲು ಮನೆಗಳಲ್ಲೆಲ್ಲ ಹೀಗೇ ಇರಬೇಕಲ್ಲವೇ? ನಾವು ನಮ್ಮ ಕಾಂಪೌಂಡಿನ ದಿಕ್ಕುಗಳನ್ನಷ್ಟೇ ನೋಡುತ್ತೇವೆ. ನೆಲದೊಳಗೆ ಯಾರು ಕಾಂಪೌಂಡ್ ಹಾಕಿದ್ದಾರೆ?

ದೂರದ ಆಗ್ನೇಯ ಮೂಲೆಯಲ್ಲಿ ಇನ್ನೊಂದು ಹಳ್ಳ ತೋಡಿಸಿದೆವು. ಆಚೆಗೆ ಬರೀ ಹಿಪ್ಪುನೇರಳೆ ತೋಟ. ನೆನೆಹಾಕಿ ಮಾರನೇ ದಿನ ನೋಡಿದರೆ ಅಲ್ಲಿ ನೀರು ಸಾವಕಾಶವಾಗಿ ಇಳಿಯಿತು. ಕಾವ್ಯ ಪಾಸ್ ಅಂದಳು. ಅಗ್ನಿಮೂಲೆಯಲ್ಲಿ ಗುಂಡಿ ತೆಗೆದರೆ ಮನೆಯವರಿಗೆ ಆಗಿಬರುವುದಿಲ್ಲ ಅಂತ ರಾಜಣ್ಣ ಎರಡೆರಡು ಸಲ ಎಚ್ಚರಿಸಿದರು. ಭಯ ಆಗಲಿಲ್ಲ ಅಂದರೆ ಸುಳ್ಳು. ಆದರೂ ಅಲ್ಲೇ ತೆಗೆಯಿರಿ ಅಂದೆ. ಹೊರಡುವಾಗ ಜಯಮ್ಮ ಒಂದು ತಂಬಿಗೆ ಮಜ್ಜಿಗೆ ತಂದುಕೊಟ್ಟರು.

ಒಳ್ಳೆಯ ಕೆಲಸ ಮಾಡಿದೆ ಅಂತ ಬೀಗುತ್ತಾ ಬಂದೆ. ಆದರೆ ಅವರ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಪೇಟೆಯ ಹಳೇ ಮನೆಯ ಪಕ್ಕದಲ್ಲಿ ರೇಷ್ಮೆ ನೂಲು ಬಿಚ್ಚುವ ಮುಮ್ತಾಜಮ್ಮನ ಮನೆಯಿತ್ತು. ತಮ್ಮ ಬೋರಿನ ನೀರು ಯಾಕೋ ವಾಸನೆ ಬರುತ್ತಿದೆ ಅಂತ ಎರಡು ಮೂರು ಸಲ ನನ್ನ ಹತ್ತಿರ ಬೇಜಾರು ಮಾಡಿಕೊಂಡಿದ್ದರು. ನಮಗೆ ನಲ್ಲಿ ನೀರು. ಪೈಪು ತುಕ್ಕು ಹಿಡಿದಿರಬೇಕು, ಬದಲಾಯಿಸಿ ಅಂದಿದ್ದೆ. ಪಾಪ, ಬದಲಾಯಿಸಿದರು ಕೂಡ.

ಹದಿನೆಂಟು ವರ್ಷ ತುಂಬದ ನನ್ನ ಗುಂಡಿ ಅಷ್ಟೂ ದಿನ ತುಂಬಿಸಿದ್ದು ಯಾರ ಬಿಂದಿಗೆಯನ್ನು?