ಕಾಣಲೇಬೇಕಾದ ಹೊಲಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಮ್ಮ ಎದಿರ್ನೆ ಊರಿನಿಂದ ಬಲ್ಗೇರಿಯದ ಗಡಿಗೆ ಹೋಗುವ ರಸ್ತೆಯ ಪಕ್ಕದ ಲಾರಿ ನಿಲ್ದಾಣದಲ್ಲಿ, ಒಂದು ಖಾಲಿ ಟ್ರೇಲರಿನೊಳಗೆ ರಾಸಿಮ್ ಉಸ್ತಾ ಮಂಡಿಯೂರಿ ಕೂತಿದ್ದಾರೆ; ಉಸ್ತಾ ಎಂದರೆ ನಮ್ಮಲ್ಲಿ ಪಳಗಿದ ಕಸುಬುದಾರ. ಹಣೆಗೆ ದೀಪ, ಕೈಯಲ್ಲಿ ದಬ್ಬಳ, ಹಲ್ಲಿನ ನಡುವೆ ಹಳದಿ ದಾರದ ತುದಿ. ನೀಲಿ ಟಾರ್ಪಾಲಿನ ಮೇಲೆ ಆ ಹಳದಿ ಹೊಲಿಗೆ ಎಷ್ಟು ಎದ್ದು ಕಾಣುತ್ತದೆಂದರೆ, ಮೊದಲ ಸಲ ನೋಡಿದವರು ಈ ಮುದುಕನಿಗೆ ಕಣ್ಣು ಮಂಜೋ, ಊರಿನಲ್ಲಿ ನೀಲಿ ದಾರಕ್ಕೆ ಬರವೋ ಎಂದುಕೊಳ್ಳಬೇಕು.

ಮಂಜೂ ಅಲ್ಲ, ಬರವೂ ಅಲ್ಲ. ಸುಂಕದವರು ಒಮ್ಮೆ ಮೊಹರು ಹಾಕಿದ ಲಾರಿಯನ್ನು ದಾರಿಯುದ್ದಕ್ಕೂ ಸಿಗುವ ದೇಶಗಳವರು ಸುಮ್ಮಸುಮ್ಮನೆ ಬಿಚ್ಚಿಸುವುದಿಲ್ಲ. ಆ ನಂಬಿಕೆಯೆಲ್ಲ ನಿಂತಿರುವುದು ಈ ಟಾರ್ಪಾಲಿನ ಮೇಲೆ. ಹರಿದರೆ ಹೊಲಿಯಬಹುದು, ಆದರೆ ಎರಡು ಸಾಲು ಹೊಲಿಯಬೇಕು, ಒಳಗಡೆ ಕಾಣುವ ದಾರದ ಬಣ್ಣ ಬೇರೆಯೇ ಇರಬೇಕು. ಯಾರಾದರೂ ಕದ್ದು ಕೊಯ್ದು ಮತ್ತೆ ಮುಚ್ಚಿದರೆ ಗೊತ್ತಾಗಲಿ ಎಂದು ದೇಶಗಳೆಲ್ಲ ಸೇರಿ ಮಾಡಿಕೊಂಡ ನಿಯಮ. "ಹರಿದಿದ್ದನ್ನ ಮುಚ್ಚಿಡಬಾರ್ದು, ತೋರಿಸ್ಬೇಕು. ಇಷ್ಟು ನನ್ನ ತಲೆಗೆ ಹೋಗೋಕೆ ಇನ್ನೊಬ್ಬನ ಅನ್ನ ಹೋಗ್ಬೇಕಾಯ್ತು," ಎನ್ನುತ್ತಾರೆ ಉಸ್ತಾ, ತಲೆ ಎತ್ತದೆ.

ನಾವು ಪತ್ರಿಕೆಯವರು ಕ್ಯಾಮೆರಾ ಎತ್ತಿದರೆ ಮುಖ ಟಾರ್ಪಾಲಿನ ಹಿಂದಕ್ಕೆ ಹೋಗುತ್ತದೆ. "ಹೊಲಿಗೆ ಬೇಕಾದ್ರೆ ತಗೊಳ್ಳಿ. ಈ ಮೋರೆ ಪೇಪರಲ್ಲಿ ಬೇಡ." ಎಲೆಮರೆಯ ಕಾಯಿ ಎಂದು ಬರೆಯಲು ಹೋದರೆ, ಈ ಕಾಯಿ ಇನ್ನೊಂದು ಎಲೆಯನ್ನೂ ಎಳೆದುಕೊಂಡು ಕೂರುತ್ತದೆ. ಬಿಂಕವಲ್ಲ. ನಿಜವಾಗಿಯೂ ನಾಚಿಕೆ.

ಉಸ್ತಾ ಹುಟ್ಟಿದ್ದು ಲಾರಿಗಳ ನಡುವೆ ಅಲ್ಲ. ಅಪ್ಪನದು ಎದಿರ್ನೆಯ ಹಳೆ ಬಜಾರಿನಲ್ಲಿ ರಫು ಅಂಗಡಿ. ಸಿಗರೇಟು ತಾಗಿ ತೂತಾದ ಮದುವೆ ಕೋಟು, ಇಲಿ ಕಡಿದ ಉಣ್ಣೆ ಶಾಲು, ಏನೇ ಬರಲಿ, ಆ ಬಟ್ಟೆಯದೇ ಮಡಿಕೆಯಿಂದ ಎಳೆ ಬಿಡಿಸಿ, ಅದರಲ್ಲೇ ನೇಯ್ದು ಕೂರಿಸುವುದು. ಹರಿದ ಜಾಗ ಗಿರಾಕಿಗೇ ಸಿಗಬಾರದು. ಸಿಕ್ಕರೆ ಅಪ್ಪ ಅದನ್ನು ಬಿಚ್ಚಿಸಿ ಮಗನಿಂದ ಮತ್ತೆ ಮೊದಲಿಂದ ಮಾಡಿಸುತ್ತಿದ್ದರು. ಆಮೇಲೆ ಜನ ಹರಿದದ್ದನ್ನು ಎಸೆದು ಹೊಸದು ಕೊಳ್ಳುವುದನ್ನು ಕಲಿತರು. ಅಂಗಡಿ ಮುಚ್ಚಿತು. ಅಪ್ಪನ ಸೂಜಿಗಳನ್ನು ಡಬ್ಬಿಗೆ ಹಾಕಿಕೊಂಡು ರಾಸಿಮ್ ಈ ನಿಲ್ದಾಣಕ್ಕೆ ಬಂದರು. ಈಗ ದಿನಕ್ಕೆ ಐದಾರು ಲಾರಿಯ ಕೆಲಸ. ಚಳಿಗಾಲದಲ್ಲಿ ಟಾರ್ಪಾಲು ಹಲಗೆಯಂತೆ ಸೆಟೆದುಕೊಂಡು ಬೆರಳ ಗೆಣ್ಣು ಒಡೆಯುತ್ತದೆ.

ಬಂದ ಹೊಸತರಲ್ಲಿ ಅವರಿಗೊಂದು ಚಾಳಿ ಇತ್ತು. ಹೊಲಿದು ಮುಗಿಸಿ ಚಾಲಕರನ್ನು ಕರೆದು, "ಎಲ್ಲಿ ಹೊಲ್ದಿದ್ದೀನಿ ತೋರಿಸ್ರೋ ನೋಡೋಣ. ಸಿಕ್ಕಿದ್ರೆ ಚಹಾದ ದುಡ್ಡು ನಂದು, ಸಿಗ್ದಿದ್ರೆ ನಿಮ್ದು," ಎನ್ನುವುದು. ಹುಸ್ನುವಿನ ಚಹಾದಂಗಡಿಯಲ್ಲಿ ಉಸ್ತಾ ತಮ್ಮ ದುಡ್ಡಲ್ಲಿ ಚಹಾ ಕುಡಿದದ್ದೇ ಇಲ್ಲ ಎಂದು ಚಾಲಕರು ಈಗಲೂ ಹೇಳುತ್ತಾರೆ. ಹೆಚ್ಚಿನವು ಗಡಿ ದಾಟದೆ ಊರೊಳಗೇ ಓಡಾಡುವ ಗಾಡಿಗಳು, ಹಾಗಾಗಿ ನಡೆದುಹೋಯಿತು.

ವೆಯ್ಸೆಲನ ಗಾಡಿ ಹಾಗಲ್ಲ. ಮೆರ್ಸಿನ್ ಕಡೆಯ ವೆಯ್ಸೆಲನಿಗೆ ಇದ್ದದ್ದು ಒಂದೇ ಲಾರಿ, ಮಾಲೀಕನೂ ಅವನೇ, ಚಾಲಕನೂ ಅವನೇ. ಆದರೆ ಅವನ ಕೈಯಲ್ಲಿ ಹಲವು ದೇಶಗಳು ಸೇರಿ ಒಪ್ಪುವ ಪರವಾನಗಿ ಇತ್ತು. ಅದೊಂದಿದ್ದರೆ ಪ್ರತಿ ದೇಶದ ಮುಂದೆಯೂ ಬೇರೆ ಬೇರೆಯಾಗಿ ಕೈಯೊಡ್ಡಬೇಕಿಲ್ಲ. ಜರ್ಮನಿಯಲ್ಲಿ ಇಳಿಸಿ, ಅಲ್ಲೇ ತುಂಬಿಕೊಂಡು ಪೋಲೆಂಡಿಗೂ ಹೋಗಬಹುದು. ಅಂಥವು ನಮ್ಮ ದೇಶಕ್ಕೆ ಸಿಗುವುದೇ ಬೆರಳೆಣಿಕೆಯಷ್ಟು. ಗಾಡಿಯ ಹೊಗೆ, ಬ್ರೇಕು, ಟೈರು ಎಲ್ಲ ನೋಡಿ, ಕೊನೆಗೆ ಮಾಲೀಕನ ಹೆಸರಿಗೆ ಕಪ್ಪುಚುಕ್ಕೆ ಇಲ್ಲವೆಂದು ನೋಡಿ ಕೊಡುತ್ತಾರೆ.

ಯಾರೋ ಕಳ್ಳರು ಅವನ ಖಾಲಿ ಗಾಡಿಯ ಟಾರ್ಪಾಲು ಕೊಯ್ದಿದ್ದರು. "ಉಸ್ತಾ, ಮಧ್ಯಾಹ್ನ ಮಾಲು ತುಂಬ್ಬೇಕು, ಏನಾದ್ರೂ ಮಾಡಿ," ಎಂದು ಬಂದ. ಉಸ್ತಾ ಟಾರ್ಪಾಲಿನ ಅಂಚಿನಿಂದಲೇ ಎಳೆ ಬಿಡಿಸಿ ನೇಯ್ದರು, ಮೇಲೆ ಬಣ್ಣ ಸವರಿದರು. ಏಳು ಮಂದಿ ಚಾಲಕರು ಹುಡುಕಿ ಸೋತರು. ಮೊಹರು ಹಾಕಲು ಬಂದ ನಮ್ಮ ಸುಂಕದವನಿಗೂ ಕಾಣಲಿಲ್ಲ. ವೆಯ್ಸೆಲ್ ಉಸ್ತಾರ ಕೈಯನ್ನೇ ಕಣ್ಣಿಗೊತ್ತಿಕೊಂಡು ಹೊರಟ.

ಎರಡು ಗಡಿ ದಾಟಿದ ಮೇಲೆ ಒಬ್ಬ ಅಧಿಕಾರಿಯ ಬೆರಳಿಗೆ ಅದು ಸಿಕ್ಕಿತು. ಮುಚ್ಚಿಟ್ಟ ಹೊಲಿಗೆ ಎಂದರೆ ದಾರಿಯಲ್ಲಿ ಬಿಚ್ಚಿದ ಮಾಲು ಎಂದೇ ಲೆಕ್ಕ. ಲಾರಿ ತಡೆದರು, ಮೊಹರು ಹಾಕಲು ಯೋಗ್ಯವೆಂದು ಗಾಡಿಗೆ ಕೊಟ್ಟಿದ್ದ ಪ್ರಮಾಣಪತ್ರ ಕಿತ್ತುಕೊಂಡರು, ಹೆಸರು ಕೆಟ್ಟವನಿಗೆ ಪರವಾನಗಿಯೂ ಹೋಯಿತು. ಅದನ್ನು ಬೇರೆ ಯಾರಿಗೋ ಕೊಟ್ಟರು.

ಲಾರಿ ತಡೆದ ದಿನ ಸಂಜೆ ಉಸ್ತಾ ಹುಸ್ನುವಿನ ಅಂಗಡಿಯಲ್ಲಿ ಅದೇ ಹೊಲಿಗೆಯ ಕಥೆಯನ್ನು ಮತ್ತೆ ಹೇಳುತ್ತಿದ್ದರು, ಕೈ ಬಾಯಿ ತಿರುಗಿಸಿ. "ಸಾಕು ಮಾಡಿ ಉಸ್ತಾ," ಎಂದ ಹುಸ್ನು, "ವೆಯ್ಸೆಲ್‌ನ ಹಿಡಿದಿದ್ದಾರೆ. ನಿಮ್ಮ ಹೊಲಿಗೆಗೇ." ಅಂಗಡಿಯೆಲ್ಲ ಅವರನ್ನೇ ನೋಡುತ್ತಿತ್ತು.

ಅಷ್ಟಕ್ಕೇ ಮುಗಿದಿದ್ದರೆ ಅರಿಯದೆ ಆದ ತಪ್ಪು ಎನ್ನಬಹುದಿತ್ತು. ಅಲ್ಲಿಯವರು ಬಿಟ್ಟು ಕಳಿಸಿದ ಮೇಲೆ ವೆಯ್ಸೆಲ್ ಎದಿರ್ನೆಗೆ ಹುಡುಕಿಕೊಂಡು ಬಂದ. ಕೇಳಿದ್ದು ಒಂದೇ: 'ಮಾಲು ತುಂಬುವ ಮೊದಲೇ ಹೊಲಿದದ್ದು ನಾನು' ಎಂದು ಸುಂಕದ ಕಚೇರಿಗೆ ಬಂದು ಒಂದು ಮಾತು ಹೇಳಿ. ಉಸ್ತಾ ಒಳಗಿನ ಕೋಣೆಯಲ್ಲಿ ಕೂತು, ಮನೆಯಲ್ಲಿ ಇಲ್ಲವೆಂದು ಹೆಂಡತಿ ನೆರ್ಮಿನ್ ಬಾಯಿಂದ ಹೇಳಿಸಿದರು. ನೆರ್ಮಿನ್ ಇವತ್ತಿಗೂ ಅದನ್ನು ಬಿಟ್ಟಿಲ್ಲ. "ನನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ರಿ. ಆ ಹುಡುಗ ಬಾಗಿಲಲ್ಲಿದ್ದ ನಿಮ್ಮ ಚಪ್ಪಲಿ ನೋಡ್ದ, ಗೊತ್ತಾ? ನೋಡ್ಕೊಂಡೇ ತಿರುಗಿ ಹೋದ." ಆ ಚಪ್ಪಲಿಯ ಮಾತು ಬಂದಾಗ ಉಸ್ತಾ ಊಟ ಬಿಟ್ಟು ಏಳುತ್ತಾರೆ.

"ನನ್ನನ್ನೂ ಹಿಡೀತಾರೆ ಅಂತ ಹೆದರಿದೆ," ಎನ್ನುತ್ತಾರೆ ಈಗ, ದಾರ ಕತ್ತರಿಸುತ್ತ. "ಥೂ. ಕೈ ಅಷ್ಟು ನಾಜೂಕು, ಮನುಷ್ಯ ಇಷ್ಟು ಹೇಡಿ."

ಇದನ್ನು ಹೇಳಿ ಮುಗಿಸಿದ್ದಾರಷ್ಟೇ, ಟ್ರೇಲರಿನ ಬಾಗಿಲಲ್ಲಿ ಬೆಳಕಿಗೆ ಅಡ್ಡವಾಗಿ ಯಾರೋ ನಿಲ್ಲುತ್ತಾರೆ. ಕೆಲಸದಲ್ಲಿರುವವರನ್ನು ಕಂಡರೆ 'ಕೆಲಸ ಸಲೀಸಾಗಲಿ' ಎನ್ನದೆ ನಮ್ಮಲ್ಲಿ ಯಾರೂ ಬಾಯಿ ತೆರೆಯುವುದಿಲ್ಲ. ಬಂದವನು ಹಾಗನ್ನುವುದಿಲ್ಲ.

"ಆಚೆ ನನ್ನ ಗಾಡಿ ಇದೆ. ಟಾರ್ಪಾಲು ಹರಿದಿದೆ."

ವೆಯ್ಸೆಲ್. ಗಡ್ಡ ನರೆತಿದೆ. ಇಷ್ಟು ವರ್ಷ ಊರೊಳಗೆ ಸಿಮೆಂಟು ಸಾಗಿಸಿಕೊಂಡಿದ್ದ. ಈಗ ಯಾರೋ ಮಾಲೀಕರು ತಮ್ಮ ಗಾಡಿ ಕೊಟ್ಟು, ಆ ಘಟನೆಯ ನಂತರ ಮೊದಲ ಸಲ ಗಡಿಯಾಚೆ ಕಳಿಸುತ್ತಿದ್ದಾರೆ. ಮಧ್ಯಾಹ್ನ ಸುಂಕದವರ ತಪಾಸಣೆ. ಮತ್ತೆ ಟಾರ್ಪಾಲಿನಲ್ಲೇ ಸಿಕ್ಕಿಬಿದ್ದರೆ ಇವನನ್ನು ಇನ್ನು ಯಾರೂ ಹತ್ತಿರ ಸೇರಿಸುವುದಿಲ್ಲ. ಉಸ್ತಾ ಸುತ್ತ ನೋಡುತ್ತಾರೆ. ಟ್ರೇಲರಿಗೆ ಇರುವುದು ಒಂದೇ ಬಾಗಿಲು, ಅಲ್ಲಿ ವೆಯ್ಸೆಲ್ ನಿಂತಿದ್ದಾನೆ.

"ಆಚೆ ಸಾಲಲ್ಲಿ ಇನ್ನೂ ಇಬ್ಬರು ಹೊಲಿಯೋರಿದ್ದಾರೆ, ತಮ್ಮಾ," ಎನ್ನುತ್ತಾರೆ ಸಣ್ಣ ದನಿಯಲ್ಲಿ.

"ಗೊತ್ತು. ಈ ಸಲ ಮನೇಲಿದ್ದೀರಲ್ಲ, ಬನ್ನಿ."

ಆ ಮಾತಿಗೆ ಉಸ್ತಾರ ಮುಖ ಕಿವಿಯ ತುದಿಯವರೆಗೂ ಕೆಂಪೇರುತ್ತದೆ. ಡಬ್ಬಿ ಎತ್ತಿಕೊಂಡು ಅವನ ಹಿಂದೆ ಹೋಗುತ್ತಾರೆ. ಬೂದು ಬಣ್ಣದ ಟಾರ್ಪಾಲು, ಮೊಳದುದ್ದದ ಹರಕು. ಇರುವುದರಲ್ಲಿ ಅತಿ ಕೆಂಪು ದಾರವನ್ನು ಆರಿಸುತ್ತಾರೆ. ಆದರೆ ಅಪ್ಪ ಬಡಿದು ಕಲಿಸಿದ ಕೈ ಕೇಳಬೇಕಲ್ಲ. ಮೊದಲ ನಾಲ್ಕು ಹೊಲಿಗೆ ತಾವಾಗಿಯೇ ಸಣ್ಣಗೆ, ಬಟ್ಟೆಯೊಳಗೆ ಮುಳುಗಿದಂತೆ ಬರುತ್ತವೆ. ಉಸ್ತಾ ಅವನ್ನು ಕಿತ್ತು ಎಸೆಯುತ್ತಾರೆ. ಮತ್ತೆ ಶುರು, ಈ ಸಲ ಕಾಳಿನಷ್ಟು ದಪ್ಪ, ಎರಡು ಸಾಲು. ಹೊಲಿಯುತ್ತಲೇ ಬಾಯಿ ಬಿಡುತ್ತಾರೆ.

"ಅವತ್ತು ನಾನು ಒಳಗೇ ಇದ್ದೆ."

"ಗೊತ್ತು."

"ಬರಬೇಕಿತ್ತು. ಬಂದು ಹೇಳಬೇಕಿತ್ತು. ನಿನ್ನ ಮುಂದೆ ನಿಲ್ಲೋ ಮುಖ ನನಗಿಲ್ಲ ಕಣಪ್ಪಾ."

ಹೊಲಿಗೆ ಮುಗಿದ ಮೇಲೆ ವೆಯ್ಸೆಲ್ ಒಳಗೆ ಹತ್ತುತ್ತಾನೆ, ಕಣ್ಣು ಮುಚ್ಚುತ್ತಾನೆ, ಟಾರ್ಪಾಲಿನ ಆ ತುದಿಯಿಂದ ಅಂಗೈ ಸವರುತ್ತ ಬರುತ್ತಾನೆ. ಆ ಅಧಿಕಾರಿ ಹೀಗೆಯೇ ಸವರಿದ್ದಿರಬೇಕು. ಉಸ್ತಾ ಬೇರೆ ಕಡೆ ನೋಡುತ್ತಾರೆ. ಕೈ ಕೆಂಪು ದಾರದ ಮೇಲೆ ನಿಲ್ಲುತ್ತದೆ.

"ಸಿಕ್ತು," ಎನ್ನುತ್ತಾನೆ ವೆಯ್ಸೆಲ್. ಕಣ್ಣು ಬಿಟ್ಟು, ಮೊದಲ ಸಲ ಉಸ್ತಾರ ಮುಖ ನೋಡುತ್ತಾನೆ. "ಸಿಕ್ತು ಉಸ್ತಾ. ಚಹಾ ನಿಮ್ದು."

ಹುಸ್ನುವಿನ ಅಂಗಡಿಯಲ್ಲಿ ಬೆಳಗಿನ ಚಾಲಕರೆಲ್ಲ ಬೇಳೆ ಸಾರಿಗೆ ಬ್ರೆಡ್ಡು ಅದ್ದುತ್ತ ಕೂತಿದ್ದಾರೆ. ಉಸ್ತಾ ಅವರ ನಡುವೆ ತಲೆ ತಗ್ಗಿಸಿಕೊಂಡೇ ಹೋಗಿ ಗಲ್ಲಾದ ಮುಂದೆ ನಿಲ್ಲುತ್ತಾರೆ.

"ಎರಡು ಚಹಾ ಹಾಕಪ್ಪ ಹುಸ್ನು," ಎನ್ನುತ್ತಾರೆ, ಎಲ್ಲರಿಗೂ ಕೇಳುವ ಹಾಗೆ. "ನಾನು ಸೋತೆ."