ಶಿರಾ ಕೊಟ್ಟನು ನಮಗಾಗಿ

ಪಕ್ಕದ ಫ್ಲ್ಯಾಟಿನ ಮರಾಠಿ ಅತ್ತಿಗೆ, ನಮ್ಮೆಲ್ಲರ ವಹಿನಿ, ಶಿರಾ ಮಾಡಲು ತುಪ್ಪದಲ್ಲಿ ರವೆ ಹುರಿಯುತ್ತಿದ್ದಾರೆ. ಪಿಂಪ್ರಿಯ ನಮ್ಮ ಕಟ್ಟಡದಲ್ಲಿ ವಾಸನೆ ಬಾಗಿಲು ತಟ್ಟಿ ಬರುವುದಿಲ್ಲ. ನಿಮಗಾದರೆ ಬಾಯಲ್ಲಿ ನೀರೂರುತ್ತಿತ್ತು. ನಾನು ಎದ್ದು ಕಿಟಕಿ ಮುಚ್ಚುತ್ತೇನೆ. ಕ್ರಿಸ್ತನ ಶ್ರಮೆಗಳನ್ನು ನೆನೆಯುವ ಲೆಂಟಿನ ನಲವತ್ತು ದಿನ ಸಿಹಿ ಬಿಟ್ಟಿದ್ದೇನೆ. ಶಿರಾ ಬಿಟ್ಟದ್ದು ಮಾತ್ರ ಹೋದ ವರ್ಷವೇ.

ನಾನು ಹುಟ್ಟಾ ನಕಲಿಗಾರ. ಅವ್ವನ ಫೋನಿನ ಮರಾಠಿ, ರಿಕ್ಷಾದವರ ‘ನಾಹೀ’, ಪಾಸ್ಟರರ ಗಂಭೀರ ಮೂಗುದನಿ, ಎಲ್ಲ ನನ್ನ ನಾಲಿಗೆಯ ಮೇಲಿವೆ. ಒಮ್ಮೆ ಪ್ರಾರ್ಥನೆಯನ್ನೂ ಪಾಸ್ಟರರ ದನಿಯಲ್ಲೇ ಮಾಡಿಬಿಟ್ಟೆ. ದೇವರು ಯಾರಿಗೆ ಉತ್ತರ ಕೊಟ್ಟನೋ!

ಹುಬ್ಬಳ್ಳಿ, ಗದಗ ಕಡೆಯಿಂದ ಕಾರ್ಖಾನೆಗಳಿಗೆ ಬಂದವರ ಸಣ್ಣ ಕನ್ನಡ ಸಭೆ ನಮ್ಮದು. ಹಾಡು ಎತ್ತಿಕೊಡುತ್ತಿದ್ದವರು ಸಮುವೇಲ ಕಾಕಾ, ಕುರಕುಂಭದ ಯಾವುದೋ ಕೆಮಿಕಲ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಶ್ರಮೆಯ ಹಾಡಿನಲ್ಲೊಂದು ಸಾಲು: ‘ತನ್ನುಸಿರ ಕೊಟ್ಟನು ನಮಗಾಗಿ’. ಕಾಕಾ ‘ತನ್ನು’ ಎಂದು ನಿಂತು, ದಮ್ಮೆಳೆದು, ಆಮೇಲೆ ‘ಸಿರ ಕೊಟ್ಟನು’ ಎನ್ನುವರು. ಇಡೀ ಸಭೆಯೂ ಅಲ್ಲೇ ನಿಲ್ಲುವುದು. ನನ್ನ ಹಸಿದ ಕಿವಿಗೆ ಅದು ಶಿರಾ.

ಹೋದ ಲೆಂಟಿನಲ್ಲಿ, ಮನೆಪ್ರಾರ್ಥನೆಗೆ ಮೊದಲು, ಹೆಗಲು ಬಾಗಿಸಿ ಎದೆಯ ಮೇಲೆ ಕೈಯಿಟ್ಟು ಹಾಡಿಯೇಬಿಟ್ಟೆ. ‘ತನ್ನೂ... ಹ್ಹಾ... ಶಿರಾ ಕೊಟ್ಟನು ನಮಗಾಗಿ! ಗೋಡಂಬಿ ಹಾಕಿ ಕೊಟ್ಟನು ನಮಗಾಗಿ!’

ಹಿರಿಯ ಹೆಂಗಸರು ಕೂಡ ಸೆರಗಿನಲ್ಲಿ ಮುಖ ಮುಚ್ಚಿ ನಕ್ಕರು. ತಿರುಗಿದರೆ ಬಾಗಿಲಲ್ಲಿ ಕಾಕಾ, ಒಂದು ಚಪ್ಪಲಿ ಬಿಟ್ಟು ಒಂದು ಬಿಡದೆ.

‘ಭಾಳ ಚಲೋ ಮಾಡ್ತಿಯಲ್ಲೋ ತಮ್ಮಾ. ಉಸುರೂ ನನ್ನಂಗ ತಗೋತಿ,’ ಎಂದರು. ಆ ದಿನ ಅವರು ಹಾಡು ಎತ್ತಿಕೊಡಲಿಲ್ಲ. ಮುಂದೆಯೂ ಇಲ್ಲ.

ದಾರಿಯಲ್ಲಿ ಅವ್ವ ಹೇಳಿದಳು: ‘ಕಾರ್ಖಾನಿ ಗಾಳಿ ಕುಡದು ಅವರ ಎದಿ ಹೋಗೇದ. ಆ ಸಾಲು ಒಂದ ದಮ್ಮಿಗೆ ಆಗೂದಿಲ್ಲ. ಅದಕ್ಕ ನಾವೆಲ್ಲಾ ನಿಲ್ಲತೀವಿ.’

‘ನೀನೂ ನಕ್ಕಿಯಲ್ಲವ್ವಾ?’

‘ನಕ್ಕೆ. ಅದ ಸುಡಾಕತ್ತೇದ.’

ಮರುದಿನ ಕಾಕಾನ ಮನೆಗೆ ಹೋದೆ. ‘ತಪ್ಪಾತ್ರಿ ಕಾಕಾ, ಕ್ಷಮಾ ಮಾಡ್ರಿ.’ ಹಾಳು ನಾಲಿಗೆ! ಹೆದರಿಕೆಗೆ ಪಾಸ್ಟರರ ದನಿಯೇ ಹೊರಬಿತ್ತು.

ಕಾಕಾ ನಗಲಿಲ್ಲ. ‘ಇದು ಪಾಸ್ಟರ್‌ದು. ನಿಂದು ಯಾವಾಗ ಬರ್ತದ?’

ಅಂದಿನಿಂದ ಸುವಾರ್ತೆಯಲ್ಲಿ ನನ್ನ ಕಣ್ಣು ಆ ಸಿಪಾಯಿಗಳ ಮೇಲೇ ನಿಲ್ಲುತ್ತದೆ. ಕ್ರಿಸ್ತನಿಗೆ ಕೆಂಪು ನಿಲುವಂಗಿ ತೊಡಿಸಿ, ಕೈಗೆ ಬೆತ್ತ ಕೊಟ್ಟು, ‘ಅರಸನೇ’ ಎಂದು ಮಂಡಿಯೂರಿದವರು. ಅವರೂ ನಕಲಿಗಾರರೇ. ಚೆನ್ನಾಗಿಯೇ ಮಾಡಿರಬೇಕು. ಮೊಳೆಗಿಂತ ಮೊದಲು ಬಿದ್ದದ್ದು ನಗು.

ಈ ವರ್ಷ ಹಾಡು ಎತ್ತಿಕೊಡುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ಕಾಕಾ ಕೊನೆಯ ಬೆಂಚಿನಲ್ಲಿ, ಪುಸ್ತಕ ತೆರೆದು, ಬಾಯಿ ಮುಚ್ಚಿ. ಹೋದ ಭಾನುವಾರ ಆ ಸಾಲನ್ನು ಒಂದೇ ಉಸಿರಿಗೆ ಹಾಡಿದೆ. ಸಭೆ ‘ತನ್ನು’ ಎಂದು ನಿಂತಿತು. ನಾನೊಬ್ಬನೇ ‘ನಮಗಾಗಿ’ವರೆಗೆ ಓಡಿ ಬೆಪ್ಪನಂತೆ ನಿಂತೆ. ಎಲ್ಲರೂ ಹಿಂದಿನ ಬೆಂಚಿಗೆ ಕಿವಿಗೊಟ್ಟು ಕಾದರು. ಅಲ್ಲಿಂದ ದಮ್ಮೆಳೆದ ಸದ್ದು ಬರಲಿಲ್ಲ.

ಅಷ್ಟರಲ್ಲಿ ನಮ್ಮ ಬಾಗಿಲ ಗಂಟೆ ಸದ್ದಾಯಿತು. ವಹಿನಿ, ಕೈಯಲ್ಲಿ ಹಬೆಯಾಡುವ ಬಟ್ಟಲು.

‘ನಕೋ ವಹಿನಿ, ಉಪವಾಸ ಆಹೆ,’ ಉಪವಾಸವಿದೆ, ಬೇಡ ಎಂದೆ.

ವಹಿನಿ ನನ್ನನ್ನು ಬಲ್ಲವರು. ಕಣ್ಣು ಕಿರಿದು ಮಾಡಿ, ಇವತ್ತು ಇದು ಯಾರ ದನಿಯೋ ಎಂದು ಮರಾಠಿಯಲ್ಲಿ ಕೇಳಿದರು.

ಯಾರದೂ ಆಗಿರಲಿಲ್ಲ, ನನ್ನದೇ. ಕಾಕಾನ ಮನೆಯಲ್ಲಿ ಬಾರದ್ದು, ಒಂದು ವರ್ಷ ತಡವಾಗಿ, ಒಂದು ಬಟ್ಟಲು ಶಿರಾದ ಮುಂದೆ ಬಂದಿತ್ತು.