ಹೊಸ್ತಿಲಿಗೆ ಅಡ್ಡ ಇಟ್ಟ ಲೋಡು

ಕಳೆದ ವಾರ ರಾಣೇಬೆನ್ನೂರಿನ ನಮ್ಮ ಅತ್ತೆಯವರ ಮನೆಯ ಮಾಳಿಗೆಯ ಮೇಲೆ ಗಾದಿ, ಕೌದಿ, ತಲೆದಿಂಬುಗಳೆಲ್ಲ ಬಿಸಿಲು ಕಾಯುತ್ತಿದ್ದವು. ನಮ್ಮ ಎರಡನೆಯ ಮಗು ಬರುವ ಹೊತ್ತು ಹತ್ತಿರವಾಗಿದೆ. ಹೆಂಡತಿ ವಿದ್ಯಾ ತವರಿಗೆ ಬಂದಿದ್ದಾಳೆ. ಅವಳ ತಾಯಿ, ಅಂದರೆ ನಮ್ಮ ಅತ್ತೆ, ಮನೆಯಲ್ಲಿದ್ದ ಹಾಸಿಗೆಯನ್ನೆಲ್ಲ ಮೇಲಕ್ಕೆ ಹೊರಿಸಿದ್ದಾರೆ. ಹೊತ್ತವನು ನಾನೇ. ಬ್ಯಾಡಗಿಯಿಂದ ಹೆಂಡತಿಯ ಮುಖ ನೋಡಲು ಬಂದ ಅಳಿಯನಿಗೆ ಮೊದಲು ಚಹಾ ಕೊಟ್ಟು, ಆಮೇಲೆ ಗಾದಿ ಹೊರಿಸುವುದು ಅವರ ಪದ್ಧತಿ.

ಸಾಲಿನ ಕೊನೆಯಲ್ಲಿ ಒಂದು ಉದ್ದನೆಯ ಲೋಡು ಇತ್ತು. ಹಿಂದೆ ಮಾವನವರು ಅದಕ್ಕೆ ಒರಗಿಕೊಂಡು ಪೇಪರು ಓದುತ್ತಿದ್ದರಂತೆ. ಈಗ ಅದರ ಮೇಲೆ ನನ್ನ ನಾಲ್ಕು ವರ್ಷದ ಮಗಳು ಆದ್ಯಾ ಕುದುರೆ ಸವಾರಿ ಮಾಡುತ್ತಿದ್ದಳು. ಅವಳನ್ನು ಇಳಿಸಿ, ಲೋಡನ್ನು ಮಗ್ಗುಲು ಬದಲಿಸಲೆಂದು ಎತ್ತಿದೆ. ಕಾದ ಹತ್ತಿಯ ವಾಸನೆ ಬಂತು, ಅದರ ಅಡಿಯಲ್ಲಿ ಎಲ್ಲೋ ಒಂದಿಷ್ಟು ಮೆಣಸಿನಕಾಯಿಯ ಘಾಟು. ನಿಮಗಾಗಿದ್ದರೆ ಅದು ಗೊತ್ತಾಗುತ್ತಲೂ ಇರಲಿಲ್ಲ. ನಾನು ಬ್ಯಾಡಗಿಯವನು, ನನ್ನ ಮೂಗಿಗೆ ತಪ್ಪಲಿಲ್ಲ. ಸೀನು ಬಂತು. ಸೀನಿ ಕಣ್ಣು ತೆರೆದಾಗ ಲೋಡಿನ ಒಂದು ತುದಿಗೆ ಮಾಸಿದ ಕೆಂಪು ಗುರುತು ಕಂಡಿತು. ಗುರುತು ಬಹಳ ಚಿಕ್ಕದು, ನನ್ನ ಎರಡು ಬೆರಳಿಗೆ ಮುಚ್ಚಿ ಹೋಗುವಷ್ಟು.

ನಮ್ಮದು ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ. ಅಪ್ಪ ನಡೆಸಿದ್ದು, ಈಗ ಇಬ್ಬರೂ ನಡೆಸುತ್ತೇವೆ. ಸಂಕ್ರಾಂತಿಯ ಆಚೆ ಈಚೆ ಸುಗ್ಗಿ ಏರಿತೆಂದರೆ ಯುಗಾದಿ ದಾಟುವವರೆಗೂ ಊರಿಗೆ ಊರೇ ಕೆಂಪು. ಸೋಮವಾರ, ಗುರುವಾರ ಟೆಂಡರು, ಅಂದರೆ ಮಾಲಿನ ಹರಾಜು. ಆ ದಿನಗಳಲ್ಲಿ ಬ್ಯಾಡಗಿಯ ಗಂಡಸರಿಗೆ ಮದುವೆ, ಮುಂಜಿವೆ, ಹಲ್ಲುನೋವು ಯಾವುದೂ ಇರುವುದಿಲ್ಲ. ಹೊಸಬರು ಬಸ್ಸಿಳಿದ ಕೂಡಲೇ ಸೀನಲು ಶುರುಮಾಡುತ್ತಾರೆ. ನಾವು ಮಾತ್ರ ಏನೂ ಆಗದವರಂತೆ ಅವರಿಗೆ ಚಹಾ ತರಿಸುತ್ತೇವೆ.

ಆದ್ಯಾ ಹುಟ್ಟಿದ್ದು ಒಂದು ಮಳೆಗಾಲದ ಕೊನೆಗೆ, ಇದೇ ರಾಣೇಬೆನ್ನೂರಿನಲ್ಲಿ. ಬಟ್ಟೆಯಲ್ಲಿ ಸುತ್ತಿ ತಂದು ಕೈಗಿಟ್ಟಾಗ ನೋಡಿದೆ. ಮೈಯೆಲ್ಲ ಕೆಂಪು, ಮೈತುಂಬ ಸುಕ್ಕು. ಬೇರೆ ಅಪ್ಪಂದಿರು ಏನು ನೆನೆಯುತ್ತಾರೋ, ನನಗೆ ಮಾತ್ರ ಮೊದಲ ದರ್ಜೆಯ ಮಾಲು ಎಂದೇ ಅನಿಸಿತು. ಬ್ಯಾಡಗಿ ಕಾಯಿಗೆ ಬೆಲೆಯೇ ಆ ಬಣ್ಣ ಮತ್ತು ಸುಕ್ಕಿನಿಂದ. ಅದರಲ್ಲಿ ತೆಳ್ಳಗೆ ಉದ್ದನೆಯದು ಕಡ್ಡಿ, ಗಿಡ್ಡಗೆ ತುಂಬಿಕೊಂಡದ್ದು ಡಬ್ಬಿ. ಹುಟ್ಟಿದಾಗ ಕಡ್ಡಿಯಾಗಿದ್ದ ಮಗಳು ದೀಪಾವಳಿಯ ಹೊತ್ತಿಗೆ ಡಬ್ಬಿಯಾದಳು. ಇದನ್ನು ಹೆಮ್ಮೆಯಿಂದ ಹೇಳಿದಾಗ ವಿದ್ಯಾ ನನ್ನ ಮುಖವನ್ನೇ ನೋಡಿ, “ಕೂಸಿನ್ನ ಹಿಂಗ ನೋಡೂದೇನ್ರಿ? ಚೀಲಕ್ಕ ತುಂಬ್ತೀರೇನು?” ಎಂದಳು. ತೊಟ್ಟಿಲಲ್ಲಿ ಇಟ್ಟ ಹೆಸರು ಆದ್ಯಾ. ಅತ್ತೆಯವರು ಒಂದು ದಿನವೂ ಆ ಹೆಸರು ಹಿಡಿದು ಕರೆಯಲಿಲ್ಲ. ಅವರಿಗೆ ಅವಳು ಗುಂಡವ್ವ.

ಐದು ತಿಂಗಳಿಗೆ ತಾಯಿ ಮಗುವನ್ನು ಬ್ಯಾಡಗಿಗೆ ಕರೆತರಬೇಕು ಎಂದು ಮಾತಾಗಿತ್ತು. ಅಷ್ಟರಲ್ಲಿ ಸುಗ್ಗಿ ಬಂತು. “ಸುಗ್ಗಿ ಮುಗಿಯೂ ತನಾ ನನ್ನ ಗುಂಡವ್ವನ್ನ ಆ ಘಾಟಿನಾಗ ಕಳಸೂದಿಲ್ಲ,” ಎಂದು ಅತ್ತೆ ಕಡ್ಡಿ ಮುರಿದ ಹಾಗೆ ಹೇಳಿದರು. ಎದುರಾಡುವ ಧೈರ್ಯ ನನಗಿರಲಿಲ್ಲ. ಘಾಟನ್ನು ಊರಲ್ಲೇ ಬಿಟ್ಟು ಹೋಗುವ ಉಪಾಯವೂ ಇರಲಿಲ್ಲ. ಹೀಗಾಗಿ ಟೆಂಡರು ಇಲ್ಲದ ದಿನಗಳಂದು ನಾನೇ ಬೈಕು ಹತ್ತಿ ರಾಣೇಬೆನ್ನೂರಿಗೆ ಹೋಗುತ್ತಿದ್ದೆ. ಮುಂಬಾಗಿಲಲ್ಲಿ ಅತ್ತೆ ಕಾಯುತ್ತಿದ್ದರು. ಬರ್ರಿ, ಕುಂದ್ರಿ ಎಂಬುದೆಲ್ಲ ಆಮೇಲೆ. ಮೊದಲು ಕೈ ತೋರಿಸಿ, “ಹಿಂದ ಹೋಗ್ರಿ ಅಳಿಯಾರ, ನೀರ ಕಾದಾವು,” ಎನ್ನುತ್ತಿದ್ದರು. ಹಿತ್ತಲಿನ ಬಚ್ಚಲಲ್ಲಿ ಜಳಕ, ಅಲ್ಲೇ ಇಟ್ಟಿದ್ದ ಮಾವನವರ ಲುಂಗಿ, ಅಂಗಿ. ಮಾವನವರು ನನಗಿಂತ ಗಿಡ್ಡ. ಆ ವಸಂತದಲ್ಲಿ ನನ್ನ ಮಗಳು ಅಪ್ಪನೆಂದು ಕಂಡದ್ದೆಲ್ಲ ಮೊಣಕಾಲಿನವರೆಗೆ ಲುಂಗಿ ಉಟ್ಟ, ತಲೆಯಿಂದ ನೀರು ಸೋರುವ ಒಬ್ಬ ಮನುಷ್ಯನನ್ನು.

ನೆದರು ತೆಗೆಯುವ ಪ್ರಸಂಗವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮಗುವಿಗೆ ಕಣ್ಣು ತಾಗಿದ್ದರೆ, ನಿವಾಳಿಸಿ ಒಲೆಗೆ ಹಾಕಿದ ಮೆಣಸಿನಕಾಯಿ ಘಾಟು ಬಿಡುವುದಿಲ್ಲ ಎಂಬ ನಂಬಿಕೆ ನಿಮಗೂ ಗೊತ್ತಿರಬಹುದು. ನಾನು ಅಂಗಡಿಯಿಂದ ಆರಿಸಿ ಆರಿಸಿ ಒಂದು ಚೀಲ ಒಳ್ಳೆಯ ಕಾಯಿ ತಂದುಕೊಟ್ಟಿದ್ದೆ. ಅತ್ತೆ ಅದನ್ನು ನಿವಾಳಿಸಿ ಕೆಂಡಕ್ಕೆ ಹಾಕಿದರು. ಯಾರೂ ಕೆಮ್ಮಲಿಲ್ಲ. “ಅಯ್ಯ ಶಿವನ, ಎಷ್ಟ ನೆದರ ಆಗೇತಿ ಕೂಸಿಗೆ!” ಎಂದು ಮತ್ತೆ ಹಾಕಿದರು. ಮತ್ತೆಯೂ ಅಷ್ಟೇ. ಇಡೀ ಓಣಿಯ ಕಣ್ಣು ಗುಂಡವ್ವನ ಮೇಲೆಯೇ ಬಿದ್ದಿದೆ ಎಂದು ತೀರ್ಮಾನವಾಗಿ, ಮಗಳಿಗೆ ಕಾಡಿಗೆಯ ಬೊಟ್ಟು ದಿನದಿನಕ್ಕೆ ದೊಡ್ಡದಾಗತೊಡಗಿತು. ಕೊನೆಗೆ ನಾನೇ, ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಬಿಡಿಸಿ ಹೇಳಬೇಕಾಯಿತು. ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು, “ಖಾರ ಇಲ್ಲದ ಕಾಯಿ ಮಾರಾಕ ಇಷ್ಟ ದೊಡ್ಡ ಪ್ಯಾಟಿ ಕಟ್ಟೀರೇನು?” ಎಂದರು. ಮರುದಿನ ಸಂತೆಯಿಂದ ಗುಂಟೂರು ಕಾಯಿ ಬಂತು. ಮನೆಮಂದಿಯೆಲ್ಲ ಕೆಮ್ಮಿ ಕೆಮ್ಮಿ ಅಂಗಳಕ್ಕೆ ಓಡಿಬಂದರು. ಅತ್ತೆ ಕಣ್ಣೀರು ಒರೆಸಿಕೊಳ್ಳುತ್ತ, “ನೆದರ ಇಲ್ಲ, ಏನೂ ಇಲ್ಲ, ಕೂಸು ಆರಾಮ ಐತಿ,” ಎಂದು ಸಂತೋಷಪಟ್ಟರು.

ಮಗಳು ಆರಾಮಾಗಿಯೇ ಇದ್ದಳು. ಇದ್ದ ತಕರಾರು ನನ್ನದು. ಅವಳು ಮೊದಲ ಸಲ ಮಗ್ಗುಲಾಗಿ ಬೋರಲು ಬಿದ್ದದ್ದು ಒಂದು ಸೋಮವಾರ. ನಾನು ಚೀಲಗಳ ನಡುವೆ ನಿಂತು ಅದನ್ನು ಫೋನಿನಲ್ಲಿ ನೋಡಿದೆ. ನೋಡಿ ಹಮಾಲರಿಗೆ ತೋರಿಸಿದೆ. ತನ್ನ ಮಾಲಿಗೆ ಏನು ರೇಟು ಬರುತ್ತದೋ ಎಂದು ಉಸಿರು ಬಿಗಿಹಿಡಿದು ಕೂತಿದ್ದ ರೈತನೊಬ್ಬನಿಗೂ ತೋರಿಸಿದೆ. ಪಾಪ, ಅವನು “ಚಲೋ ಐತ್ರಿ” ಎಂದ. ಆಸರೆಯಿಲ್ಲದೆ ಕೂತದ್ದು ಒಂದು ಗುರುವಾರ. ಹೋಳಿಯಲ್ಲಿ ಕೊರಳಿಗೆ ಹಾಕಿದ ಸಕ್ಕರೆ ಸರವನ್ನು ನೆಕ್ಕುತ್ತಿದ್ದಾಗ ಅವಳ ಬಾಯಲ್ಲಿ ಅಕ್ಕಿಕಾಳಿನಂಥ ಹಲ್ಲು ಕಂಡದ್ದು ಅದರ ಮುಂದಿನ ಸೋಮವಾರ. ಸರ ಕಟ್ಟಿದವನು ನಾನು, ಹಲ್ಲು ಕಂಡವರು ಮನೆಯ ಮಂದಿಯೆಲ್ಲ. “ಏನ ಮಾಡೂದ್ರಿ, ನಿಮ್ಮ ಮಗಳು ಟೆಂಡರ್ ದಿನಾ ನೋಡೇ ಎಲ್ಲಾ ಮಾಡ್ತಾಳ,” ಎಂದು ವಿದ್ಯಾ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಒಳಗೊಳಗೇ ಬಹಳ ಹೊಟ್ಟೆ ಉರಿಯುತ್ತಿತ್ತು.

ಹಾಗೆಂದು ಆ ವಸಂತವನ್ನು ದೂರಲಾರೆ. ಅಲ್ಲಿಯವರೆಗೆ ನನ್ನ ಪಾಲಿಗೆ ವಸಂತವೆಂದರೆ ಆವಕ ಎಷ್ಟು, ಮಾಲು ಒಣಗಿದೆಯೋ ಇಲ್ಲವೋ ಎಂಬುದಷ್ಟೇ ಆಗಿತ್ತು. ಈಗ ಮಗಳನ್ನು ಹೆಗಲಿಗೆ ಹಾಕಿಕೊಂಡು ಅತ್ತೆಯ ಮನೆಯ ಮುಂದಿನ ಬೇವಿನ ಮರದಡಿ ನಿಲ್ಲುತ್ತಿದ್ದೆ. ಬೇವಿಗೆ ಹೂವು ಬಿಡುತ್ತದೆ, ಅದು ಉದುರಿ ಕೂದಲಲ್ಲಿ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಅಂಥ ತಂಪಾದ ವಾಸನೆಯಿದೆ ಎಂಬುದು ಇಷ್ಟು ವರ್ಷ ಘಾಟು ಕುಡಿದ ನನ್ನ ಮೂಗಿಗೆ ಆಗ ಗೊತ್ತಾಯಿತು. ಮಗಳು ಗಾಳಿಗೆ ಅಲುಗುವ ಎಲೆ ನೋಡಿ ಕೇಕೆ ಹಾಕುತ್ತಿದ್ದಳು. ನಾನೂ ತಲೆಯೆತ್ತಿ ನೋಡುತ್ತಿದ್ದೆ. ಓಣಿಯಲ್ಲಿ ಹೋಗುವವರಿಗೆ ಆ ಗಿಡ್ಡ ಲುಂಗಿಯವನು ಕೆಲಸವಿಲ್ಲದ ಅಳಿಯನಂತೆ ಕಂಡಿರಬೇಕು. ಅಷ್ಟು ಸುಖವಾಗಿ ನಾನು ಎಂದೂ ಸುಮ್ಮನೆ ನಿಂತಿರಲಿಲ್ಲ.

ಯುಗಾದಿಗೆ ಮಗಳು ಅಂಬೆಗಾಲಿಟ್ಟಳು. ಅಲ್ಲಿಂದ ನನಗೆ ಹೊಸ್ತಿಲಿನ ಚಿಂತೆ ಹತ್ತಿತು. ನಮ್ಮಲ್ಲಿ ಮಗು ತಾನಾಗಿ ಮೊದಲ ಸಲ ಹೊಸ್ತಿಲು ದಾಟಿದ ದಿನ ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಹೋಳಿಗೆ ಮಾಡುತ್ತಾರೆ. ನಾನು ದಾಟಿದಾಗ ಅಪ್ಪ ಅಂಗಡಿಯಲ್ಲಿದ್ದರಂತೆ. ಮನೆಗೆ ಬರುವ ಹೊತ್ತಿಗೆ ಹೊಸ್ತಿಲಿನ ಕುಂಕುಮವೂ ಅಳಿಸಿ, ಹೋಳಿಗೆಯಷ್ಟೇ ಉಳಿದಿತ್ತಂತೆ. ಅವ್ವ ಆ ಮಾತು ತೆಗೆದಾಗಲೆಲ್ಲ ಅಪ್ಪ, “ಅವತ್ತ ಗುರುವಾರ ಇತ್ತು,” ಎಂದಷ್ಟೇ ಹೇಳಿ ಚಸ್ಮಾ ಒರೆಸಲು ಶುರುಮಾಡುತ್ತಾರೆ. ಮಗ್ಗುಲಾದದ್ದು ಹೋಯಿತು, ಕೂತದ್ದು ಹೋಯಿತು, ಹಲ್ಲೂ ಹೋಯಿತು, ಹೊಸ್ತಿಲೊಂದನ್ನು ಬಿಡುವುದಿಲ್ಲ ಎಂದು ನಾನು ಹಟ ಹಿಡಿದಿದ್ದೆ. ಹಟ ಹಿಡಿದು ಮಾಡುವುದೇನು? ದಾಟಬೇಕಾದವಳು ಅವಳು.

ಒಂದು ಗುರುವಾರ ಮಧ್ಯಾಹ್ನ ಟೆಂಡರು ನಡೆದಿದ್ದಾಗ ವಿದ್ಯಾಳ ಫೋನು ಬಂತು. “ಮುಂಜಾನಿಂದ ಹೊಸ್ತಿಲದ ಕಡೇನ ಹೊಂಟಾಳ್ರಿ. ಅವ್ವ ಎಷ್ಟ ಸಲಾ ಎಳಕೊಂಡ ಬಂದ್ರೂ ಕೇಳವೊಲ್ಲಳು,” ಎಂದಳು. ನಾನು ಫೋನು ಕಿಸೆಗಿಟ್ಟು ಕಾಯಿಯ ರಾಶಿಯ ಮುಂದೆ ಸುಮ್ಮನೆ ನಿಂತೆ. ಗಾದಿಯ ಮೇಲೆ ಕೂತಿದ್ದ ಅಪ್ಪ ನನ್ನ ಮುಖ ನೋಡಿ, “ಏನಾತು?” ಎಂದರು. ಹೇಳಿದೆ. ಅಪ್ಪ ಚಸ್ಮಾ ತೆಗೆದರು, ಆದರೆ ಒರೆಸಲಿಲ್ಲ.

“ನೀ ಹೋಗು. ಅಂಗಡಿ ನಾ ನೋಡ್ತೇನಿ.”

“ಅಪ್ಪಾ, ಇವತ್ತ ಗುರುವಾರ.”

“ಗೊತ್ತೈತಿ. ಲಗೂನ ಹೋಗು.”

ಮೋಟೆಬೆನ್ನೂರು ದಾಟಿ ಹೆದ್ದಾರಿ ಹಿಡಿದದ್ದು ನೆನಪಿದೆ, ಉಳಿದ ದಾರಿ ನೆನಪಿಲ್ಲ. ತಲೆಯಿಂದ ಕಾಲಿನವರೆಗೆ ಕಾಯಿಯ ಧೂಳು, ಬಿಳಿ ಅಂಗಿ ಗುಲಾಲು ಎರಚಿದಂತೆ ಆಗಿತ್ತು. ಅತ್ತೆಯ ಮನೆಯ ಕಟ್ಟೆ ಹತ್ತುವಷ್ಟರಲ್ಲಿ ಒಳಗಿನಿಂದ ಕೂಗು ಬಂತು: “ಅಲ್ಲೇ ನಿಂದ್ರಿ ಅಳಿಯಾರ! ಒಳಗ ಬರಬ್ಯಾಡ್ರಿ!” ನಾನು ಹೊಸ್ತಿಲಿನ ಹೊರಗೆ ನಿಂತೆ. ಅತ್ತೆ ಒಳಗೆ, ಬಾಗಿಲಿಗೆ ಅಡ್ಡವಾಗಿ, ನೋವಿನ ಮೊಣಕಾಲು ಚಾಚಿಕೊಂಡು ಕೂತಿದ್ದರು. ಪಕ್ಕದಲ್ಲಿ ಒಂದು ಲೋಡು. ನನ್ನನ್ನು ಕಂಡವರೇ ಕಾಲು ಪಕ್ಕಕ್ಕೆ ಸರಿಸಿ, ಲೋಡನ್ನು ಒಂದು ಕಡೆ ತಳ್ಳಿದರು. ಅದು ಅಲ್ಲಿ ಯಾಕಿದೆ ಎಂದು ನಾನು ಕೇಳಲಿಲ್ಲ, ನನ್ನ ಕಣ್ಣು ಅದರ ಹಿಂದಿದ್ದವಳ ಮೇಲಿತ್ತು.

ಮಗಳು ನನ್ನನ್ನು ಗುರುತು ಹಿಡಿಯದೆ ನೋಡಿದಳು. ಅವಳ ಅಪ್ಪ ಒದ್ದೆ ತಲೆಯವನು, ಇವನಾರೋ ಕೆಂಪು ಮನುಷ್ಯ. “ಗುಂಡವ್ವಾ,” ಎಂದೆ. ದನಿ ಕೇಳಿದ್ದೇ ಮುಖ ಅರಳಿತು, ಸರಸರ ಬಂದಳು. ಹೊಸ್ತಿಲಿಗೆ ಕೈ ಹಚ್ಚಿದಳು, ಎದೆ ಏರಿಸಿದಳು. ಹೊಟ್ಟೆ ಮಾತ್ರ ಅಡ್ಡ ಸಿಕ್ಕಿತು. ಅರ್ಧ ಒಳಗೆ, ಅರ್ಧ ಹೊರಗೆ, ಕೈಕಾಲು ಬಡಿಯುತ್ತ ತೂಗಾಡಿದಳು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು.

“ಮುಟ್ಟಬ್ಯಾಡ್ರಿ! ತಾನ ದಾಟಬೇಕು ಆಕಿ!” ಎಂದರು ಅತ್ತೆ.

ಆಕೆಯೇ ದಾಟಿದಳು. ತಲೆ ಮುಂದಾಗಿ ಜಾರಿ, ಎರಡೂ ಅಂಗೈ ನನ್ನ ಧೂಳು ತುಂಬಿದ ಬೂಟಿನ ಮೇಲೆ ಊರಿ, ಹಿಂದಿನಿಂದ ಕಾಲೆಳೆದುಕೊಂಡು ಹೊರಗೆ ಬಂದಳು. ಬಂದವಳೇ ಜೋರಾಗಿ ಸೀನಿದಳು. ತನ್ನ ಸೀನಿಗೆ ತಾನೇ ಬೆಚ್ಚಿ, ನನ್ನ ಮುಖ ನೋಡಿ ನಕ್ಕಳು. ವಿದ್ಯಾ ಫೋನು ಎತ್ತಿ ಹಿಡಿದಿದ್ದಳು, ಅಳುವ ಭರದಲ್ಲಿ ಗುಂಡಿ ಒತ್ತಿರಲಿಲ್ಲ. ನಾನು ಜಳಕಕ್ಕೆ ಹೋಗಲೋ, ನಿಲ್ಲಲೋ ಎಂದು ಅತ್ತೆಯ ಕಡೆ ನೋಡಿದೆ. ಅವರು ಆಗಲೇ ಗೋಡೆ ಹಿಡಿದು ಎದ್ದು, ಅರಿಸಿನ ಕುಂಕುಮ ತರಲು ಹೊರಟಿದ್ದರು. ತಿರುಗಿ, “ಏನ ನೋಡಾಕತ್ತೀರಿ? ಎತ್ಕೋರಿ ಕೂಸಿನ್ನ,” ಎಂದರು. ಆ ಧೂಳಿನ ಅಂಗಿಯಲ್ಲೇ ಮಗಳನ್ನು ಎತ್ತಿಕೊಂಡೆ. ನನಗೆ ಅಳು ಬಂದಿತ್ತು, ಕಾಯಿಯ ಘಾಟು ಎಂದು ಹೇಳಿ ಪಾರಾದೆ. ಒಳಗಿಳಿಸಿದ ಮೇಲೆ ಅವಳು ಆ ಕೆಂಪು ಕೈಗಳನ್ನು ಎಲ್ಲೆಲ್ಲಿ ಇಟ್ಟಳೋ ಯಾರೂ ನೋಡಲಿಲ್ಲ. ಅಪ್ಪನಿಗೆ ಫೋನು ಮಾಡಿ, “ದಾಟಿದಳು, ನಾ ನೋಡಿದೆ,” ಎಂದೆ. ಆ ಕಡೆ ಹರಾಜಿನ ಗದ್ದಲ. “ಇನ್ನೊಮ್ಮೆ ಹೇಳು,” ಎಂದರು ಅಪ್ಪ.

ಇಷ್ಟು ವರ್ಷ ನಾನು ತಿಳಿದದ್ದು ಏನೆಂದರೆ, ಮಗಳು ಅಪ್ಪನಿಗಾಗಿ ಕಾದಿದ್ದಳು. ಅಂಗಡಿಗೆ ಬಂದವರಿಗೆಲ್ಲ ಹಾಗೆಯೇ ಹೇಳಿದ್ದೇನೆ.

ಕಳೆದ ವಾರ ಮಾಳಿಗೆಯ ಮೇಲೆ ಆ ಕೆಂಪು ಗುರುತು ತೋರಿಸಿ, “ಇದು ಆವತ್ತಿಂದೇನ್ರಿ ಅತ್ತಿ?” ಎಂದು ಕೇಳಿದೆ. ಅತ್ತೆ ಗಾದಿಗೆ ಕೋಲಿನಿಂದ ಬಡಿಯುತ್ತಿದ್ದರು.

“ಹೌದು. ಎಷ್ಟ ಒಗದ್ರೂ ಹೋಗಲಿಲ್ಲ. ಕೊನೀಗೆ ನಾನ ಒಗಿಯೂದ ಬಿಟ್ಟೆ.”

“ಲೋಡು ಅಲ್ಲಿ ಬಾಗಲದಾಗ ಯಾಕಿತ್ತು?”

ಅವರು ಬಡಿಯುವುದು ನಿಲ್ಲಿಸಲಿಲ್ಲ. “ಮತ್ತ? ಆಕಿ ಕೇಳ್ತಿದ್ಲೇನು? ಸೋಮವಾರ, ಗುರುವಾರ ಲೋಡ ಅಡ್ಡ ಇಟ್ಟು ಕುಂದರ್ತಿದ್ದೆ. ಸಪ್ಪಗಾದ ನಿಮ್ಮ ಮಾರಿ ನೋಡಾಕ ಆಗ್ತಿದ್ದಿಲ್ಲ. ಹಲ್ಲ ಬಂದದ್ದು ಹೇಳಿದಾಗ ಹೆಂಗ ಆಗಿತ್ತು ಮಾರಿ!”

ಮೊಣಕಾಲು ಮಡಚಲು ಬಾರದ ಹೆಂಗಸು. ನನ್ನನ್ನು ಹಿತ್ತಲಿಗೆ ಅಟ್ಟುತ್ತಿದ್ದ ಹೆಂಗಸು. ನಾನು ಸ್ವಲ್ಪ ಹೊತ್ತು ಲೋಡಿನ ಗುರುತನ್ನೇ ಸವರುತ್ತ ಕೂತೆ. ಆಮೇಲೆ ಕೇಳಬಾರದಿತ್ತು, ಕೇಳಿಬಿಟ್ಟೆ: “ಅತ್ತಿ, ಖರೇ ಹೇಳ್ರಿ. ನಾ ಬರೂಕಿಂತ ಮದಲ ಒಮ್ಮೆರೆ ದಾಟಿದ್ಲೇನು?”

ಈಗ ಕೋಲು ನಿಂತಿತು.

“ಪೂಜಾ ಆದ ದಿನಾನ ದಾಟಿದ್ದು,” ಎಂದರು. “ಅದಕ್ಕಿಂತ ಮದಲಿಂದು ಲೆಕ್ಕಕ್ಕಿಲ್ಲ.”

ಹಾಗಾದರೆ ದಾಟಿದ್ದಳು. ನೋಡಿದವರು ಅತ್ತೆಯೊಬ್ಬರೇ ಇರಬೇಕು. ಅದನ್ನು ವಿದ್ಯಾಳಿಗೂ ಹೇಳದೆ, ಮೊಮ್ಮಗಳನ್ನು ಎತ್ತಿ ಒಳಗಿಟ್ಟು, ಲೋಡು ಅಡ್ಡ ಹಾಕಿ, ನಾನು ಬರುವ ದಾರಿ ಕಾದಿದ್ದರು. ನನಗೆ ಬೇಸರವಾಗಬೇಕಿತ್ತೋ ಏನೋ, ನಗು ಬಂತು.

“ಈ ಸಲ ಲೋಡ ಇಡಬ್ಯಾಡ್ರಿ ಅತ್ತಿ. ದಾಟೂದು ನೀವ ನೋಡ್ರಿ. ನನಗ ಆಮ್ಯಾಲ ಫೋನ್ ಮಾಡಿ ಹೇಳ್ರಿ.”

“ಮದಲ ಕೂಸು ಹುಟ್ಟಲಿ,” ಎಂದರು. ಸೆರಗಿನಿಂದ ಮುಖ ಒರೆಸಿಕೊಂಡು, “ಬಿಸಲ ಇಳೀತು. ಒಳಗ ಒಯ್ರಿ ಅದನ್ನ,” ಎಂದರು.

ಲೋಡನ್ನು ತಬ್ಬಿ ಹಿಡಿದು ಹೊರಗಿನ ಮೆಟ್ಟಿಲಿಳಿದೆ. ಬೇವಿನ ಹೂವು ಕಟ್ಟೆಯ ತುಂಬ ಬಿದ್ದಿತ್ತು. ಆದ್ಯಾ ಮುಂದೆ ಓಡಿ, ಎರಡೂ ಕಾಲು ಜೋಡಿಸಿ ಹೊಸ್ತಿಲನ್ನು ಹಾರಿ ಒಳಗೆ ಹೋದಳು. ಲೋಡು ಅಡ್ಡವಾಗಿ ನನಗೆ ನನ್ನ ಕಾಲೇ ಕಾಣುತ್ತಿರಲಿಲ್ಲ. ಹಿಂದೆ ಗೋಡೆ ಹಿಡಿದು ಇಳಿಯುತ್ತಿದ್ದ ಅತ್ತೆ ನಿಂತುಕೊಂಡು, “ಸಾವಕಾಶ ಅಳಿಯಾರ. ಹೊಸ್ತಿಲಾ ಮೆಟ್ಟಬ್ಯಾಡ್ರಿ, ದಾಟ್ರಿ,” ಎಂದರು. ನಾನು ಅಂದಾಜಿನ ಮೇಲೆ ಕಾಲೆತ್ತಿ ದಾಟಿದೆ. ಒಳಗೆ ಬಂದು ತಿರುಗಿದಾಗ, ಅವರು ಅಲ್ಲಿಯೇ ನಿಂತು ನೋಡುತ್ತಿದ್ದರು.